ಗುಣಕ್ಕೆ ನೆಲೆ ಎಲ್ಲಿ? ಗಣಕದ ದಾಖಲೆಗಳ ಚರಿತ್ರೆಯಿಂದ ಒಂದು ಅಧ್ಯಾಯ

ನಮ್ಮ ಸಂಘದ ಹಳೆಯ ಸಂಚಿಕೆಗಳನ್ನು ಗಣಕಯಂತ್ರಕ್ಕೆ ಏರಿಸುವ ಕೆಲಸ ಕೆಲವು ತಿಂಗಳಿಂದ ನಡೆದಿದೆ. ವಾಚನಾಲಯದ ಕಪಾಟಿನಲ್ಲಿ ಗೆದ್ದಲಿಗೆ ಒಪ್ಪಿಸಿಬಿಡುವುದಕ್ಕಿಂತ ಇದು ಮೇಲಲ್ಲವೇ! ಒಂದು ಭಾನುವಾರ ಕಣ್ಣು ಮಂಜಾದ ಹಿರಿಯ ಸದಸ್ಯರೊಬ್ಬರು ಬಂದು, ಯಂತ್ರವೇ ಗಟ್ಟಿಯಾಗಿ ಓದುತ್ತದಂತೆ, ಕೇಳೋಣವೆಂದು ಕುಳಿತರು. ಕನ್ನಡದ ಲೇಖನವನ್ನು ಯಂತ್ರ ಸುಮಾರಾಗಿ ಓದಿತು. ನಡುವೆ ನೆರೆಯ ಮರಾಠಿ ಸಂಸ್ಥೆಯೊಂದರ ಆಹ್ವಾನವನ್ನು ಅಚ್ಚು ಹಾಕಿದ್ದರು. ಅದು ಬಂದಾಗ ಯಂತ್ರ ಅಪ್ಪಟ ಹಿಂದಿಯ ಉಚ್ಚಾರಕ್ಕೆ ತಿರುಗಿತು. ‘ಚಾಂಗಲಾ’ ಎಂಬ ಮಾತಿನ ಮೊದಲ ಅಕ್ಷರವನ್ನು ಮರಾಠಿಗರು ಹಲ್ಲಿಗೆ ನಾಲಗೆ ತಾಗಿಸಿ ನುಡಿಯುವ ಬಗೆ ಮುಂಬಯಿಯಲ್ಲಿ ಐವತ್ತು ವರ್ಷ ಕಳೆದ ಆ ಹಿರಿಯರಿಗೆ ಚೆನ್ನಾಗಿ ಗೊತ್ತು. ಅವರು ನಕ್ಕು, “ಇದಕ್ಕೆ ಇನ್ನೂ ಈ ಊರಿನ ನೀರು ಹಿಡಿಸಿಲ್ಲ” ಎಂದರು.

ಕೆಲಸ ಮಾಡುತ್ತಿದ್ದ ಹುಡುಗ, “ಅಕ್ಷರವೆಲ್ಲ ಸರಿಯಾಗಿದೆ ಮಾಮ, ಅಟ್ರಿಬ್ಯೂಟ್ ಹಾಕಿಲ್ಲ ಅಷ್ಟೆ” ಎಂದ. ಅದನ್ನು ಎಲ್ಲಿ ಹಾಕುವುದು ಎಂದು ನಾನು ಕೇಳಿದೆ. ಅವನು ತುಸು ತಡೆದು, “ಅದು ಬರಹದ ಒಳಗೂ ಇಲ್ಲ, ಹೊರಗೂ ಇಲ್ಲ” ಎಂದ. ಈ ಉತ್ತರ ನನ್ನನ್ನು ಬಿಡಲಿಲ್ಲ. ಹುಡುಕುತ್ತ ಹೋದಂತೆ, ಇದೊಂದು ಐವತ್ತು ವರ್ಷಕ್ಕೂ ಹಿಂದಿನಿಂದ ಬಂದ ಪ್ರಶ್ನೆಯೆಂದೂ ದೊಡ್ಡ ದೊಡ್ಡ ತಜ್ಞರು ಇದರ ಮೇಲೆ ತಲೆ ಕೆಡಿಸಿಕೊಂಡಿದ್ದಾರೆಂದೂ ತಿಳಿಯಿತು. ತಿಳಿದಷ್ಟನ್ನು ವಾಚಕರ ಮುಂದಿಡುತ್ತಿದ್ದೇನೆ.

ರೇಷನ್ ಕಾರ್ಡಿನ ದೃಷ್ಟಾಂತ

ಮೊದಲು ವಿಷಯ ಸ್ಪಷ್ಟವಾಗಲಿ. ನಮ್ಮೆಲ್ಲರ ಮನೆಯಲ್ಲಿದ್ದ ರೇಷನ್ ಕಾರ್ಡನ್ನು ನೆನಪಿಗೆ ತಂದುಕೊಳ್ಳಿ. ಮೇಲೆ ಕುಟುಂಬದ ಯಜಮಾನನ ಹೆಸರು, ಕೆಳಗೆ ಒಬ್ಬೊಬ್ಬರಾಗಿ ಮನೆಮಂದಿಯ ಹೆಸರು. ಪ್ರತಿ ಹೆಸರಿನ ಎದುರು ವಯಸ್ಸು, ಸಂಬಂಧ ಮೊದಲಾದ ಕಾಲಮ್ಮುಗಳು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ ನಾವು ಹೆಸರುಗಳನ್ನು ಎಣಿಸುತ್ತೇವೆಯೇ ಹೊರತು ವಯಸ್ಸುಗಳನ್ನು ಎಣಿಸುವುದಿಲ್ಲ. ‘ನಲವತ್ತೆರಡು’ ಎಂಬುದು ಮನೆಯ ಸದಸ್ಯನಲ್ಲ, ಸದಸ್ಯನ ಬಗೆಗಿನ ಒಂದು ಮಾತು. ಆದರೂ ಅದನ್ನು ಕಾರ್ಡಿನಲ್ಲಿ ಎಲ್ಲಿಯಾದರೂ ಬರೆಯಲೇಬೇಕು.

ಗಣಕದಲ್ಲಿ ವ್ಯವಸ್ಥಿತವಾಗಿ ಇಟ್ಟ ದಾಖಲೆಯೂ ಹೀಗೆಯೇ ಒಂದು ಕುಟುಂಬ. ಸಂಚಿಕೆಯೊಳಗೆ ಲೇಖನ, ಲೇಖನದೊಳಗೆ ಶೀರ್ಷಿಕೆ ಮತ್ತು ಪರಿಚ್ಛೇದಗಳು, ಪರಿಚ್ಛೇದದೊಳಗೆ ಮಾತುಗಳು. ಈ ಒಂದೊಂದು ಭಾಗಕ್ಕೂ ಮೊದಲಿಗೊಂದು, ಕೊನೆಗೊಂದು ಚೀಟಿ ಅಂಟಿಸುತ್ತಾರೆ. ಮೊದಲ ಚೀಟಿಯ ಮೇಲೆಯೇ ಆ ಭಾಗದ ಗುಣಲಕ್ಷಣಗಳನ್ನೂ ಬರೆಯುತ್ತಾರೆ: ಇದರ ಭಾಷೆ ಇಂಥದು, ಇದರ ಕ್ರಮಸಂಖ್ಯೆ ಇಷ್ಟು, ಎಂದು. ಯಂತ್ರ ಈ ದಾಖಲೆಯನ್ನು ಓದಿ ತನ್ನ ಸ್ಮೃತಿಯಲ್ಲಿ ಒಂದು ಮರವಾಗಿ ಬೆಳೆಸಿಕೊಳ್ಳುತ್ತದೆ. ಮರದ ಒಂದೊಂದು ಸಂಧಿಗೂ ಇಂಗ್ಲಿಷಿನಲ್ಲಿ ಬೇರೆ ಹೆಸರುಂಟು. ಕಬ್ಬಿಗೂ ಬಿದಿರಿಗೂ ಇರುವ ‘ಗೆಣ್ಣು’ ಎಂಬ ಮಾತೇ ನಮಗೆ ಸಾಕು. ಲೇಖನ ಒಂದು ಗೆಣ್ಣು, ಪರಿಚ್ಛೇದ ಅದರ ಮಗು. ಹಾಗಾದರೆ ಚೀಟಿಯ ಮೇಲಿನ ಗುಣಲಕ್ಷಣ ಆ ಮರದಲ್ಲಿ ಏನು? ಮಗುವೇ, ಕೊಂಬೆಯೇ, ತೊಗಟೆಯ ಬಣ್ಣವೇ? ಚರಿತ್ರೆ ಈ ಪ್ರಶ್ನೆಯ ಸುತ್ತ ನಡೆದಿದೆ.

ಮುದ್ರಣಾಲಯದಿಂದ ಬಂದ ವಿಚಾರ

ಇದರ ಮೂಲ ಗಣಕಶಾಸ್ತ್ರಕ್ಕಿಂತ ಹೆಚ್ಚಾಗಿ ಮುದ್ರಣಾಲಯದಲ್ಲಿದೆ. ಹಸ್ತಪ್ರತಿಯ ಅಂಚಿನಲ್ಲಿ ‘ಇದು ದಪ್ಪ ಅಕ್ಷರ’, ‘ಇದು ಹನ್ನೆರಡು ಪಾಯಿಂಟು’ ಎಂದು ಗುರುತು ಹಾಕಿ ಮೊಳೆ ಜೋಡಿಸುವವರಿಗೆ ಕಳುಹಿಸುವುದು ಹಳೆಯ ಪದ್ಧತಿ. ೧೯೬೭ರ ಸೆಪ್ಟೆಂಬರಿನಲ್ಲಿ ಕೆನಡಾ ಸರಕಾರದ ಮುದ್ರಣ ಕಚೇರಿಯಲ್ಲಿ ನಡೆದ ಸಭೆಯೊಂದರಲ್ಲಿ ವಿಲಿಯಂ ಟನ್ನಿಕ್ಲಿಫ್ ಎಂಬವರು, ಬರಹದ ಹೂರಣವನ್ನು ಅದರ ಹೊರರೂಪದಿಂದ ಬೇರ್ಪಡಿಸಬೇಕೆಂಬ ವಾದವನ್ನು ಮುಂದಿಟ್ಟರು. ‘ಇದು ದಪ್ಪ ಅಕ್ಷರ’ ಎನ್ನುವ ಬದಲು ‘ಇದು ಶೀರ್ಷಿಕೆ’ ಎಂದು ಗುರುತಿಸಿದರೆ, ದಪ್ಪವೋ ತೆಳುವೋ ಎಂಬುದನ್ನು ಆಮೇಲೆ ಯಾರು ಬೇಕಾದರೂ ನಿರ್ಧರಿಸಿಕೊಳ್ಳಬಹುದು.

೧೯೬೯ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್‌ನಲ್ಲಿ, ಐಬಿಎಂ ಕಂಪೆನಿಯ ಮೂವರು ಈ ವಿಚಾರಕ್ಕೆ ಕೈಕಾಲು ಮೂಡಿಸಿದರು: ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್, ರೇಮಂಡ್ ಲೋರಿ. ಗೋಲ್ಡ್‌ಫಾರ್ಬ್ ವೃತ್ತಿಯಿಂದ ವಕೀಲರು. ವಕೀಲರ ಕಚೇರಿಯ ಕಾಗದಪತ್ರಗಳನ್ನು ಯಂತ್ರದಲ್ಲಿ ಇಡುವುದು, ಹುಡುಕುವುದು, ಮುದ್ರಿಸುವುದು ಅವರಿಗೆ ಒದಗಿದ ಕೆಲಸ. ಅವರು ರೂಪಿಸಿದ ಗುರುತಿನ ಭಾಷೆಗೆ ಮೂವರ ಮನೆತನದ ಹೆಸರಿನ ಮೊದಲ ಅಕ್ಷರಗಳನ್ನೇ ಸೇರಿಸಿ ‘ಜಿಎಂಎಲ್’ ಎಂದು ನಾಮಕರಣವಾಯಿತು. ಇದರಲ್ಲಿ ಗುಣಲಕ್ಷಣಕ್ಕೆ ಸ್ಥಾನವಿತ್ತು. ಚಿತ್ರವೊಂದರ ಚೀಟಿಯ ಮೇಲೆ ಅದಕ್ಕೊಂದು ಗುರುತಿನ ಹೆಸರು ಬರೆದಿಟ್ಟರೆ, ಬೇರೆ ಪುಟದಿಂದ ‘ಆ ಚಿತ್ರವನ್ನು ನೋಡಿ’ ಎಂದು ಸೂಚಿಸಬಹುದು. ಮುದ್ರಿಸುವಾಗ ಸರಿಯಾದ ಸಂಖ್ಯೆಯನ್ನು ಯಂತ್ರವೇ ತುಂಬುತ್ತದೆ. ಓದುಗನಿಗೆ ಆ ಗುರುತು ಕಾಣಿಸಬೇಕಿಲ್ಲ. ಕಾಣಿಸದ, ಆದರೆ ಇಲ್ಲದಿದ್ದರೆ ಕೆಲಸ ಕೆಡುವ ಇಂಥ ಮಾತಿಗೇ ಗುಣಲಕ್ಷಣ ಹುಟ್ಟಿದ್ದು.

ಅದರ ಮುಂದಿನ ರೂಪ ಎಸ್‌ಜಿಎಂಎಲ್. ೧೯೮೬ರ ಅಕ್ಟೋಬರಿನಲ್ಲಿ ಅದು ೮೮೭೯ ಎಂಬ ಸಂಖ್ಯೆಯ ಅಂತರರಾಷ್ಟ್ರೀಯ ಮಾನಕವಾಯಿತು. ಯಾವ ಭಾಗಕ್ಕೆ ಯಾವ ಗುಣಲಕ್ಷಣ ಸಲ್ಲುತ್ತದೆ, ಯಾವುದು ಕಡ್ಡಾಯ, ಯಾವುದನ್ನು ಬಿಡಬಹುದು, ಬಿಟ್ಟರೆ ಯಾವ ಬೆಲೆಯನ್ನು ತಾನಾಗಿ ತಿಳಿದುಕೊಳ್ಳಬೇಕು, ಎಂಬುದನ್ನೆಲ್ಲ ಮೊದಲೇ ಘೋಷಿಸುವ ಕ್ರಮ ಇಲ್ಲಿ ಗಟ್ಟಿಯಾಯಿತು. ೧೯೮೭ರ ನವೆಂಬರಿನಲ್ಲಿ ಅಮೆರಿಕದ ವಾಸಾರ್ ಕಾಲೇಜಿನಲ್ಲಿ ಸೇರಿದ ಸಾಹಿತ್ಯ ವಿದ್ವಾಂಸರು ಪ್ರಾಚೀನ ಗ್ರಂಥಗಳನ್ನು ಗಣಕಕ್ಕೆ ತರುವ ಟಿಇಐ ಎಂಬ ಯೋಜನೆಯನ್ನು ಆರಂಭಿಸಿದರು. ೧೯೯೪ರಲ್ಲಿ ಅವರು ಹೊರತಂದ ಮಾರ್ಗದರ್ಶಿಯಲ್ಲಿ ಎಲ್ಲ ಭಾಗಗಳಿಗೂ ಸಲ್ಲುವ ಕೆಲವೇ ಗುಣಲಕ್ಷಣಗಳನ್ನು ಆರಿಸಿದರು, ಭಾಷೆ ಅವುಗಳಲ್ಲೊಂದು.

ಮಗುವೋ ಗುಣವೋ ಎಂಬ ತಕರಾರು ಆಗಲೇ ಇತ್ತು. ಲೇಖಕನ ಹೆಸರನ್ನು ಲೇಖನದೊಳಗೆ ಒಂದು ಭಾಗವಾಗಿ ಇಡಬೇಕೆ, ಚೀಟಿಯ ಮೇಲೆ ಗುಣಲಕ್ಷಣವಾಗಿ ಬರೆಯಬೇಕೆ? ಎರಡೂ ಸಾಧ್ಯ. ಆದರೆ ಚೀಟಿಯ ಮೇಲಿನ ಮಾತಿಗೆ ಒಳರಚನೆ ಇರಲಾರದು. ಒಂದು ಹೆಸರಿನ ಗುಣಲಕ್ಷಣ ಒಂದು ಚೀಟಿಯಲ್ಲಿ ಎರಡು ಸಲ ಬರುವಂತಿಲ್ಲ. ಅವುಗಳ ನಡುವೆ ಮೊದಲು-ಆಮೇಲೆ ಎಂಬುದಕ್ಕೆ ಅರ್ಥವಿಲ್ಲ. ಪರಿಚ್ಛೇದಗಳ ಕ್ರಮ ತಪ್ಪಿದರೆ ಲೇಖನ ಕೆಡುತ್ತದೆ. ವಯಸ್ಸನ್ನು ಮೊದಲು ಬರೆದು ಸಂಬಂಧವನ್ನು ಆಮೇಲೆ ಬರೆದರೆ ರೇಷನ್ ಕಾರ್ಡಿಗೆ ಏನೂ ಆಗದು.

೧೯೯೮ರ ತೀರ್ಮಾನ

ಸ್ವಿಟ್ಜರ್‌ಲೆಂಡಿನ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ರೂಪಿಸಿದ ಎಚ್‌ಟಿಎಂಎಲ್ ೧೯೯೧ರಿಂದ ಬಳಕೆಗೆ ಬಂದಿತು. ಒಂದು ಪುಟದಿಂದ ಇನ್ನೊಂದಕ್ಕೆ ಹಾರುವ ಕೊಂಡಿಯ ವಿಳಾಸವನ್ನು ಅದು ಗುಣಲಕ್ಷಣವಾಗಿಯೇ ಇಟ್ಟಿತು. ಜಗತ್ತಿನ ಎಲ್ಲ ಪುಟಗಳನ್ನು ಒಂದಕ್ಕೊಂದು ಹೆಣೆದ ದಾರ ಒಂದು ಗುಣಲಕ್ಷಣವೆಂಬುದನ್ನು ಗಮನಿಸಬೇಕು. ೧೯೯೫ರಲ್ಲಿ ನೆಟ್‌ಸ್ಕೇಪ್ ಕಂಪೆನಿಯ ಬ್ರೆಂಡನ್ ಐಕ್ ಜಾವಾಸ್ಕ್ರಿಪ್ಟ್ ಎಂಬ ಭಾಷೆಯನ್ನು ಸಿದ್ಧಪಡಿಸಿದ ಮೇಲೆ, ಪುಟ ಕಣ್ಣೆದುರು ತೆರೆದಿರುವಾಗಲೇ ಅದರ ಅಂಗಾಂಗಗಳನ್ನು ಮುಟ್ಟಿ ಬದಲಿಸುವುದು ಶಕ್ಯವಾಯಿತು. ಆದರೆ ೧೯೯೭ರ ಹೊತ್ತಿಗೆ ನೆಟ್‌ಸ್ಕೇಪಿನದೊಂದು ಮಾರ್ಗ, ಮೈಕ್ರೋಸಾಫ್ಟಿನದು ಇನ್ನೊಂದು ಮಾರ್ಗ. ಒಂದೇ ಪುಟಕ್ಕೆ ಎರಡೆರಡು ಬಗೆಯ ಆಜ್ಞೆ ಬರೆಯಬೇಕಾದ ಪಾಡು ಬಂದಿತು.

ಈ ಗೊಂದಲವನ್ನು ಬಗೆಹರಿಸಲು ಡಬ್ಲ್ಯು೩ಸಿ ಎಂಬ ಒಕ್ಕೂಟ ಲಾರೆನ್ ವುಡ್ ಅವರ ಅಧ್ಯಕ್ಷತೆಯಲ್ಲಿ ಒಂದು ಮಂಡಲಿಯನ್ನು ಕೂಡಿಸಿತು. ಮೈಕ್ರೋಸಾಫ್ಟ್, ನೆಟ್‌ಸ್ಕೇಪ್, ಐಬಿಎಂ, ಸನ್ ಮುಂತಾದ ಕಂಪೆನಿಗಳ ಜನ ಒಂದೇ ಮೇಜಿಗೆ ಕುಳಿತರು. ಅದೇ ವರ್ಷ, ಅಂದರೆ ೧೯೯೮ರ ಫೆಬ್ರವರಿ ೧೦ರಂದು, ಎಸ್‌ಜಿಎಂಎಲ್‌ನ ಹಗುರಾದ ಸಂತಾನವಾದ ಎಕ್ಸ್‌ಎಂಎಲ್ ಹೊರಬಂದಿತ್ತು. ಅಕ್ಟೋಬರ್ ೧ರಂದು ಮಂಡಲಿಯ ಮೊದಲ ತೀರ್ಮಾನ ಪ್ರಕಟವಾಯಿತು. ಅದೇ ಡಾಮ್, ಎಂದರೆ ದಾಖಲೆಯನ್ನು ಮರವಾಗಿ ಕಾಣುವ ವಸ್ತುಮಾದರಿ.

ಗುಣಲಕ್ಷಣದ ಬಗ್ಗೆ ಅದು ಕೊಟ್ಟ ತೀರ್ಪು ವಿಚಿತ್ರವಾಗಿದೆ. ಗುಣಲಕ್ಷಣವೂ ಒಂದು ಗೆಣ್ಣು. ಗೆಣ್ಣುಗಳ ಜಾತಿಯಲ್ಲಿ ಅದಕ್ಕೆ ಎರಡನೆಯ ಸಂಖ್ಯೆ. ಆದರೆ ಅದು ಯಾರ ಮಗುವೂ ಅಲ್ಲ. ಅದರ ತಾಯಿ ಯಾರೆಂದು ಕೇಳಿದರೆ ‘ಇಲ್ಲ’ ಎಂಬ ಉತ್ತರ. ಅಣ್ಣ ಯಾರು, ತಮ್ಮ ಯಾರು ಎಂದರೂ ‘ಇಲ್ಲ’. ಗೆಣ್ಣಾದರೂ ಅದು ಮರಕ್ಕೆ ಸೇರಿದ್ದಲ್ಲ. ಮಕ್ಕಳ ಸಾಲಿನ ಬದಲು ಹೆಸರು ಹಿಡಿದು ಕರೆಯಬಹುದಾದ ಒಂದು ಪ್ರತ್ಯೇಕ ಪಟ್ಟಿಯಲ್ಲಿ ಅದು ಇರುತ್ತದೆ. ಗುಣಲಕ್ಷಣವೆಂದರೆ ಆಯಾ ಭಾಗದ ಸ್ವಭಾವ, ಅದಕ್ಕೆ ಬೇರೆ ಅಸ್ತಿತ್ವವಿಲ್ಲ ಎಂಬುದು ಮಂಡಲಿಯ ನಿಲುವು.

ಈ ನಿಲುವಿನಿಂದ ಕೆಲವು ಸ್ವಾರಸ್ಯಕರ ಪರಿಣಾಮಗಳಾದವು. ಬಿಟ್ಟರೆ ತಾನಾಗಿ ಬರುವ ಬೆಲೆಯುಳ್ಳ ಗುಣಲಕ್ಷಣವನ್ನು ಅಳಿಸಿದರೆ, ಅದು ತಾನಾಗಿ ಬರುವ ಆ ಬೆಲೆಯೊಡನೆ ಆ ಕ್ಷಣವೇ ಮತ್ತೆ ಹುಟ್ಟಿಕೊಳ್ಳುತ್ತಿತ್ತು. ಒಂದು ಭಾಗದ ಗುಣಲಕ್ಷಣವನ್ನು ಎತ್ತಿ ಇನ್ನೊಂದಕ್ಕೆ ನೇರವಾಗಿ ಹಚ್ಚುವಂತಿಲ್ಲ. ಹಚ್ಚಹೋದರೆ ‘ಇದು ಬೇರೆಡೆ ಬಳಕೆಯಲ್ಲಿದೆ’ ಎಂದು ಯಂತ್ರ ತಡೆಯುತ್ತದೆ. ಒಂದು ಭಾಗದ ನಕಲು ತೆಗೆಯುವಾಗ ಮಕ್ಕಳು ಬೇಡ, ಅದೊಂದೇ ಸಾಕು ಎಂದು ಹೇಳಬಹುದು. ಆಗ ಮಕ್ಕಳೂ ಮಾತುಗಳೂ ಹಿಂದೆಯೇ ಉಳಿಯುತ್ತವೆ, ಗುಣಲಕ್ಷಣಗಳು ಮಾತ್ರ ಎಲ್ಲವೂ ಜೊತೆಗೆ ಬರುತ್ತವೆ. ಮನೆ, ಹೊಲ, ಬಳಗವನ್ನು ಊರಿನಲ್ಲಿ ಬಿಟ್ಟು ರೈಲು ಹತ್ತಿದವನ ಜೊತೆ ಅವನ ಮಾತಿನ ಧಾಟಿ ಬಂದಂತೆ.

ಆದರೆ ಮಂಡಲಿಯಿಂದ ಒಂದು ಲೋಪವೂ ಆಯಿತು. ಗುಣಲಕ್ಷಣವೊಂದು ಕೈಗೆ ಸಿಕ್ಕಿದಾಗ ಅದು ಯಾರದೆಂದು ಅದನ್ನೇ ಕೇಳಿ ತಿಳಿಯಲು ೧೯೯೮ರ ಮಾದರಿಯಲ್ಲಿ ಉಪಾಯವಿರಲಿಲ್ಲ. ತಾಯಿಯಿಲ್ಲವೆಂದ ಮೇಲೆ ಇನ್ನಾರು ಹೇಳಬೇಕು? ೨೦೦೦ದ ನವೆಂಬರಿನಲ್ಲಿ ಬಂದ ಎರಡನೆಯ ಹಂತದಲ್ಲಿ ಇದನ್ನು ತಿದ್ದಿ, ಗುಣಲಕ್ಷಣಕ್ಕೆ ಒಬ್ಬ ‘ಒಡೆಯ’ ಉಂಟೆಂದು ಬರೆದರು. ತಾಯಿಯಲ್ಲ, ಒಡೆಯ.

ಇದರ ನಡುವೆ, ೧೯೯೯ರ ನವೆಂಬರ್ ೧೬ರಂದು, ದಾಖಲೆಯೊಳಗೆ ದಾರಿ ಹುಡುಕುವ ಎಕ್ಸ್‌ಪಾತ್ ಎಂಬ ಇನ್ನೊಂದು ಮಾನಕ ಹೊರಬಂದಿತ್ತು. ಅದರ ಸಂಪಾದಕರಾದ ಜೇಮ್ಸ್ ಕ್ಲಾರ್ಕ್ ಮತ್ತು ಸ್ಟೀವ್ ಡಿರೋಸ್ ಬೇರೆಯೇ ತೀರ್ಪು ಕೊಟ್ಟರು: ಆ ಭಾಗ ಗುಣಲಕ್ಷಣಕ್ಕೆ ತಾಯಿ ಹೌದು, ಆದರೆ ಗುಣಲಕ್ಷಣ ಆ ತಾಯಿಯ ಮಗುವಲ್ಲ! ಲೋಕದ ನಂಟಸ್ತಿಕೆಯಲ್ಲಿ ಇದು ಹಾಸ್ಯವೆನಿಸಬಹುದು. ಕೆಲಸಕ್ಕೆ ಮಾತ್ರ ಇದು ಸರಿಯಾಗಿಯೇ ಇದೆ. ಗುಣದಿಂದ ಹೊರಟರೆ ಅದು ಯಾರದೋ ಅವರನ್ನು ತಲುಪಬೇಕು. ಮಕ್ಕಳನ್ನು ಎಣಿಸಹೊರಟರೆ ಗುಣಗಳು ಎಣಿಕೆಗೆ ಬರಬಾರದು.

ನಮ್ಮಲ್ಲಿ ದರ್ಶನಶಾಸ್ತ್ರ ಓದಿದವರಿಗೆ ಇಲ್ಲಿ ಕಣಾದನ ವೈಶೇಷಿಕ ನೆನಪಾದೀತು. ಗುಣವು ದ್ರವ್ಯವನ್ನು ಆಶ್ರಯಿಸಿರುತ್ತದೆ, ಗುಣಕ್ಕೆ ಮತ್ತೊಂದು ಗುಣವಿಲ್ಲ ಎಂಬುದು ಆ ದರ್ಶನದ ಮಾತು. ಡಾಮ್‌ನಲ್ಲಿಯೂ ಗುಣಲಕ್ಷಣಕ್ಕೆ ಮತ್ತೆ ಗುಣಲಕ್ಷಣಗಳಿಲ್ಲ. ಆ ಮಂಡಲಿಯವರು ಕಣಾದನನ್ನು ಓದಿ ಹೀಗೆ ಮಾಡಿದರೆಂದು ನಾನು ಹೇಳುತ್ತಿಲ್ಲ. ‘ವಸ್ತು ಯಾವುದು, ವಸ್ತುವಿನ ಬಗೆಗಿನ ಮಾತು ಯಾವುದು’ ಎಂದು ವಿಂಗಡಿಸಹೊರಟವರು ಯಾವ ಕಾಲದವರಾದರೂ ಅದೇ ಕವಲಿಗೆ ಬಂದು ನಿಲ್ಲುತ್ತಾರೆಂಬುದಷ್ಟೇ ನನ್ನ ತಾತ್ಪರ್ಯ.

ಬರೆದದ್ದು, ಇರುವುದು

ಇನ್ನೊಂದು ತೊಡಕು ಬಹುಕಾಲ ಕಾಡಿತು. ಚೀಟಿಯ ಮೇಲೆ ಬರೆದ ಗುಣಲಕ್ಷಣ ಬೇರೆ, ಯಂತ್ರದ ಸ್ಮೃತಿಯಲ್ಲಿ ಜೀವಂತವಾಗಿರುವ ವಸ್ತುವಿನ ಸ್ಥಿತಿ ಬೇರೆ. ಅರ್ಜಿಯೊಂದರ ಖಾಲಿ ಜಾಗದಲ್ಲಿ ಮೊದಲೇ ‘ಮುಂಬಯಿ’ ಎಂದು ತುಂಬಿಸಿಟ್ಟಿದ್ದಾರೆನ್ನಿ. ನೀವು ಅದನ್ನು ಅಳಿಸಿ ‘ಪುಣೆ’ ಎಂದು ಬರೆದಿರಿ. ಗುಣಲಕ್ಷಣವನ್ನು ಕೇಳಿದರೆ ಅದು ಈಗಲೂ ‘ಮುಂಬಯಿ’ ಎನ್ನುತ್ತದೆ. ಇರುವ ಸ್ಥಿತಿಯನ್ನು ಕೇಳಿದರೆ ‘ಪುಣೆ’ ಎನ್ನುತ್ತದೆ. ಕಾರ್ಡಿನಲ್ಲಿ ಊರಿನ ವಿಳಾಸ, ಮನುಷ್ಯ ಇರುವುದು ಡೊಂಬಿವಲಿಯಲ್ಲಿ. ಎರಡೂ ಸುಳ್ಳಲ್ಲ. ಯಾವುದನ್ನು ಕೇಳುತ್ತಿದ್ದೇವೆಂಬ ಅರಿವು ಬೇಕು. ಈ ಎರಡನ್ನು ಬೆರೆಸಿದ್ದರಿಂದಲೇ ಮೈಕ್ರೋಸಾಫ್ಟಿನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಏಳನೆಯ ಆವೃತ್ತಿಯವರೆಗೂ ‘ಕ್ಲಾಸ್’ ಎಂಬ ಗುಣಲಕ್ಷಣವನ್ನು ಅದರ ಸ್ವಂತ ಹೆಸರಿನಿಂದ ಕರೆದರೆ ಓಗೊಡುತ್ತಿರಲಿಲ್ಲ. ‘ಕ್ಲಾಸ್‌ನೇಮ್’ ಎಂದು ಕರೆಯಬೇಕಾಗಿತ್ತು.

ಗುಣಲಕ್ಷಣವನ್ನು ಗೆಣ್ಣೆಂದು ಕರೆಯುವುದೇ ತಪ್ಪಲ್ಲವೇ ಎಂಬ ಚರ್ಚೆಯೂ ನಿಲ್ಲಲಿಲ್ಲ. ೨೦೧೫ರ ನವೆಂಬರ್ ೧೯ರಂದು ಡಬ್ಲ್ಯು೩ಸಿ ಪ್ರಕಟಿಸಿದ ನಾಲ್ಕನೆಯ ಡಾಮ್‌ನಲ್ಲಿ ಅದನ್ನು ಗೆಣ್ಣುಗಳ ಜಾತಿಯಿಂದಲೇ ಹೊರಗಿಟ್ಟರು. ಆಮೇಲೆ ವಾಟ್‌ಡಬ್ಲ್ಯುಜಿ ಎಂಬ ಮಂಡಲಿ ನಡೆಸಿಕೊಂಡು ಬರುತ್ತಿರುವ ಮಾನಕದಲ್ಲಿ ಮತ್ತೆ ಒಳಗೆ ಕರೆದುಕೊಂಡರು. ಇಂದು ಅದು ಗೆಣ್ಣು. ಒಡೆಯನುಂಟು, ತಾಯಿಯಿಲ್ಲ, ಮಕ್ಕಳೂ ಇಲ್ಲ.

ಭಾಷೆಯೆಂಬ ಗುಣ

ಇನ್ನು ನಮ್ಮ ಮರಾಠಿ ಆಹ್ವಾನಕ್ಕೆ ಬರೋಣ. ೧೯೯೧ರ ಯೂನಿಕೋಡ್ ಮೊದಲ ಆವೃತ್ತಿಯಿಂದಲೂ ಕನ್ನಡ ಲಿಪಿಗೆ ಅದರದೇ ಆದ ಸ್ಥಾನವಿದೆ. ಆದರೆ ಯೂನಿಕೋಡ್ ಅಕ್ಷರಗಳಿಗೆ ಸಂಖ್ಯೆ ಕೊಡುತ್ತದೆ, ಭಾಷೆಗಳಿಗಲ್ಲ. ಮರಾಠಿಯ ‘ಚ’ಕಾರಕ್ಕೂ ಹಿಂದಿಯ ‘ಚ’ಕಾರಕ್ಕೂ ಒಂದೇ ಸಂಖ್ಯೆ. ಅಕ್ಷರ ನೋಡಿ ಭಾಷೆ ತಿಳಿಯುವುದು ಯಂತ್ರಕ್ಕೆ ಸಾಧ್ಯವಾಗದ್ದು ಆದ್ದರಿಂದ. ನಮ್ಮ ಲಿಪಿಗೂ ಇದೇ ಮಾತು ಅನ್ವಯಿಸುತ್ತದೆ. ತುಳು, ಕೊಡವ ಭಾಷೆಗಳನ್ನೂ ಕರಾವಳಿಯ ಕೊಂಕಣಿಯನ್ನೂ ಕನ್ನಡ ಅಕ್ಷರಗಳಲ್ಲಿ ಬರೆಯುತ್ತೇವೆ. ನಮ್ಮ ಸಂಚಿಕೆಗಳಲ್ಲಿ ತುಳು ಗಾದೆಗಳಿವೆ, ಕೊಂಕಣಿ ಹಾಡುಗಳಿವೆ. ಹೇಳದೆ ಹೋದರೆ ಯಂತ್ರಕ್ಕೆ ಅವೆಲ್ಲವೂ ತಪ್ಪು ತಪ್ಪಾದ ಕನ್ನಡ.

ಹೇಳುವುದಕ್ಕೆ ವ್ಯವಸ್ಥೆ ಇದೆ. ಭಾಷೆಗಳಿಗೆ ಸಂಕೇತ ಕೊಡುವ ಕ್ರಮವನ್ನು ಅಂತರಜಾಲಕ್ಕಾಗಿ ೧೯೯೫ರಲ್ಲಿ ನಿಗದಿ ಮಾಡಿದರು. ೧೯೯೭ರ ಡಿಸೆಂಬರಿನಲ್ಲಿ ಬಂದ ಎಚ್‌ಟಿಎಂಎಲ್ ನಾಲ್ಕನೆಯ ಆವೃತ್ತಿ ‘ಲ್ಯಾಂಗ್’ ಎಂಬ ಭಾಷಾ ಗುಣಲಕ್ಷಣವನ್ನು ಬಹುತೇಕ ಎಲ್ಲ ಭಾಗಗಳಿಗೂ ಕೊಟ್ಟಿತು. ಕನ್ನಡದ ಸಂಕೇತ ‘ಕೆಎನ್’, ಮರಾಠಿಯದು ‘ಎಂಆರ್’. ೨೦೦೭ರಲ್ಲಿ ಪ್ರಕಟವಾದ ವಿಸ್ತೃತ ಪಟ್ಟಿಯಲ್ಲಿ ತುಳುವಿಗೆ ‘ಟಿಸಿವೈ’, ಕೊಡವಕ್ಕೆ ‘ಕೆಎಫ್ಎ’ ಎಂಬ ಸಂಕೇತಗಳಿವೆ. ಕೊಂಕಣಿಯ ‘ಕೆಒಕೆ’ಗೆ ಲಿಪಿಯ ಸಂಕೇತವನ್ನೂ ಜೋಡಿಸಿ, ಇದು ಕನ್ನಡ ಅಕ್ಷರದ ಕೊಂಕಣಿ ಎಂದು ಖಚಿತವಾಗಿ ಹೇಳಬಹುದು.

ಭಾಷೆಯ ಗುಣಲಕ್ಷಣಕ್ಕೆ ಒಂದು ವಿಶೇಷವಿದೆ. ಅದು ವಂಶಪಾರಂಪರ್ಯವಾಗಿ ಇಳಿಯುತ್ತದೆ. ಸಂಚಿಕೆಯ ಬುಡದಲ್ಲಿ ‘ಕನ್ನಡ’ ಎಂದು ಒಮ್ಮೆ ಬರೆದರೆ ಒಳಗಿನ ಮಕ್ಕಳು, ಮೊಮ್ಮಕ್ಕಳೆಲ್ಲ ಕನ್ನಡವೇ. ನಡುವೆ ಯಾರಾದರೂ ‘ನಾನು ಮರಾಠಿ’ ಎಂದು ಬರೆದುಕೊಂಡರೆ ಅಲ್ಲಿಂದ ಕೆಳಗೆ ಮರಾಠಿ. ಇಲ್ಲೊಂದು ಸೂಕ್ಷ್ಮವಿದೆ. ಬುಡದಲ್ಲಿ ಮಾತ್ರ ಬರೆದಿರುವಾಗ ಕೆಳಗಿನ ಒಂದು ಪರಿಚ್ಛೇದವನ್ನು ಹಿಡಿದು ‘ನಿನ್ನ ಭಾಷಾ ಗುಣಲಕ್ಷಣ ಯಾವುದು’ ಎಂದು ಕೇಳಿದರೆ ‘ಏನೂ ಇಲ್ಲ’ ಎಂಬ ಉತ್ತರ ಬರುತ್ತದೆ. ಅದರ ಚೀಟಿಯ ಮೇಲೆ ಏನೂ ಬರೆದಿಲ್ಲವಲ್ಲ! ಆದರೆ ಅದು ಭಾಷೆಯಿಲ್ಲದ್ದಲ್ಲ. ತಿಳಿಯಬೇಕಾದವನು ತಾಯಿ, ಅಜ್ಜಿ, ಮುತ್ತಜ್ಜಿ ಎಂದು ಮೇಲೇರಿ ಹೋಗಿ, ಎಲ್ಲಿ ಬರೆದಿದೆಯೋ ಅಲ್ಲಿ ಓದಿಕೊಳ್ಳಬೇಕು. ಬುಡದಲ್ಲಿಯೂ ಬರೆದಿಲ್ಲವಾದರೆ ಏರಿ ಹೋದವನು ಬರಿಗೈಯಲ್ಲಿ ಇಳಿಯುತ್ತಾನೆ.

ಪರಊರಿನಲ್ಲಿ ಮಕ್ಕಳನ್ನು ಬೆಳೆಸಿದ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಶಾಲೆಯ ಅರ್ಜಿಯಲ್ಲಿ ‘ಮಾತೃಭಾಷೆ’ಯ ಎದುರಿನ ಜಾಗವನ್ನು ನಾವು ಅವಸರದಲ್ಲಿ ಖಾಲಿ ಬಿಟ್ಟದ್ದುಂಟು. ಖಾಲಿ ಬಿಟ್ಟ ಜಾಗವನ್ನು ಎದುರಿನವರು ತಮಗೆ ತೋಚಿದಂತೆ ತುಂಬಿಕೊಳ್ಳುತ್ತಾರೆ. ಯಂತ್ರವೂ ಅಂದು ಮಾಡಿದ್ದು ಅದನ್ನೇ: ನಾಗರಿ ಅಕ್ಷರ ಕಂಡಿತು, ಹಿಂದಿಯೆಂದುಕೊಂಡಿತು.

ನಾವು ಈಗ ಒಂದು ನಿಯಮ ಮಾಡಿಕೊಂಡಿದ್ದೇವೆ. ಪ್ರತಿ ಸಂಚಿಕೆಯ ಬುಡದಲ್ಲಿ ಕನ್ನಡದ ಸಂಕೇತ. ಒಳಗೆ ಬರುವ ತುಳು, ಕೊಂಕಣಿ, ಮರಾಠಿ, ಇಂಗ್ಲಿಷು ಎಷ್ಟು ಚಿಕ್ಕದಾದರೂ ಅದಕ್ಕೆ ಅದರದೇ ಸಂಕೇತ. ಕೆಲಸ ನಿಧಾನವಾಗಿದೆ, ನಿಜ. ಒಂದು ಗಾದೆ ತುಳುವೋ ಹವ್ಯಕ ಕನ್ನಡವೋ ಎಂದು ನಿರ್ಧರಿಸಲು ಹುಡುಗರಿಂದಾಗುವುದಿಲ್ಲ. ಹಿರಿಯರು ಪಕ್ಕದಲ್ಲಿ ಕುಳಿತಿರಬೇಕು. ಭಾನುವಾರ ಒಂದೆರಡು ಗಂಟೆ ಬಿಡುವು ಮಾಡಿಕೊಳ್ಳಬಲ್ಲ ಸದಸ್ಯರು ದಯವಿಟ್ಟು ವಾಚನಾಲಯಕ್ಕೆ ಬರಬೇಕು. ಟೈಪು ಮಾಡಲು ಬಾರದಿದ್ದರೂ ಚಿಂತೆಯಿಲ್ಲ. ಮಾತು ಕೇಳಿ ಯಾವ ಸೀಮೆಯದೆಂದು ಹೇಳಲು ಬಂದರೆ ಸಾಕು.

ಮರಾಠಿ ಆಹ್ವಾನದ ಚೀಟಿಯ ಮೇಲೆ ಹುಡುಗ ಎರಡಕ್ಷರದ ಸಂಕೇತ ಬರೆದ. ಮುಂದಿನ ಭಾನುವಾರ ಅದೇ ಹಿರಿಯರು ಅದನ್ನು ಮತ್ತೆ ಓದಿಸಿ ಕೇಳಿದರು. ಈ ಸಲ ‘ಚಾಂಗಲಾ’ ಸರಿಯಾಗಿ ಬಂದಿತು. ಆಹ್ವಾನದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.